ಬಾಡಿಗೆದಾರರಿಗೂ ಮಂಡಳಿಯಲ್ಲಿ ಕುರ್ಚಿ

ಪ್ರಶ್ನೆ: ಅಮೆರಿಕದಲ್ಲಿ ಕಡಿಮೆ ಆದಾಯದವರಿಗೆ ಬಾಡಿಗೆ ಮನೆ ಕೊಡುವ ನಗರ ವಸತಿ ಪ್ರಾಧಿಕಾರಗಳ ಮಂಡಳಿಯಲ್ಲಿ ಬಾಡಿಗೆದಾರರೂ ಇರುತ್ತಾರಂತೆ, ನಿಜವೇ? ಅವರ ಮಾತಿಗೆ ಬೆಲೆ ಉಂಟೇ?

ಉತ್ತರ: ನಿಜ. ನ್ಯೂಯಾರ್ಕ್ ಪ್ರಾಧಿಕಾರದ ಮಂಡಳಿಯಲ್ಲಿ 7 ಮಂದಿ. ಎಲ್ಲರನ್ನೂ ನೇಮಿಸುವುದು ಮೇಯರ್. ಮೂವರು ಪ್ರಾಧಿಕಾರದ ಮನೆಗಳ ನಿವಾಸಿಗಳೇ ಆಗಿರಬೇಕು. ಉಳಿದ ನಗರಗಳಿಗೆ ಫೆಡರಲ್ ಕಾನೂನು ಸಾಮಾನ್ಯವಾಗಿ ಕೇಳುವುದು ಕನಿಷ್ಠ ಒಬ್ಬರನ್ನು: 18 ತುಂಬಿರಬೇಕು, ಬಾಡಿಗೆ ಕರಾರಿನಲ್ಲಿ ಹೆಸರಿರಬೇಕು. 300ಕ್ಕಿಂತ ಕಡಿಮೆ ಮನೆಗಳಿದ್ದರೆ ವಿನಾಯಿತಿ ಉಂಟು, ಅದೂ ನಿವಾಸಿಗಳ ಸಲಹಾ ಸಮಿತಿಗೆ ತಿಳಿಸಿದ ಮೇಲೂ ಯಾರೂ ಮುಂದೆ ಬರದಿದ್ದರೆ.

ತಕರಾರು ಏಳುವುದು ಮತದಾನದಲ್ಲಿ. ಬಾಡಿಗೆ ನಿಯಮ ಬದಲಿಸುವಾಗ ನಿವಾಸಿ ಸದಸ್ಯರಿಗೆ ‘ನೀವೂ ಫಲಾನುಭವಿ, ಹೊರಗಿರಿ’ ಎನ್ನುವಂತಿಲ್ಲ. ಎಲ್ಲ ನಿವಾಸಿಗಳಿಗೂ ತಟ್ಟುವ ವಿಷಯದಲ್ಲಿ ಅವರಿಗೆ ಪೂರ್ಣ ಮತವಿದೆ. ತಾವೇ ಬಾಡಿಗೆಗಿರುವ ಮನೆಯ ತೆರವಿನಂಥ, ಅವರೊಬ್ಬರದೇ ಪ್ರಕರಣ ಬಂದರೆ ಮಾತ್ರ ಅವರನ್ನು ಹೊರಗಿಡಬಹುದು. ಈ ಗೆರೆ ಗೊತ್ತಿಲ್ಲದ ಸದಸ್ಯ ಸುಮ್ಮನೆ ಸಹಿ ಹಾಕಿ ಬರುತ್ತಾನೆ.