ಇಂಟರ್ನ್‌ಶಿಪ್‌ನಲ್ಲಿ ಬರೀ ಗಾಜು ತೊಳೆಸಿ, ಬ್ಯಾಕ್ಟೀರಿಯಾ ಬೆಳೆಸುವ ಮೀಡಿಯಾ (ಅವುಗಳ ಆಹಾರ) ಮಾಡಿಸುತ್ತಿದ್ದಾರೆ. ಬಿಟ್ಟು ಪಿಸಿಆರ್ (ಡಿಎನ್ಎ ಪ್ರತಿಗಳನ್ನು ಹೆಚ್ಚಿಸುವ ವಿಧಾನ) ಕಲಿಸುವ ಲ್ಯಾಬ್‌ಗೆ ಹೋಗಲಾ?

ಹೋಗಬೇಡಿ. ಈ ಕಾರಣಕ್ಕಂತೂ ಹೋಗಬೇಡಿ. ಮೀಡಿಯಾ ಮಾಡುವುದನ್ನು ನೀವು "ಕೂಲಿ ಕೆಲಸ" ಅಂತ ಬರೆದಿದ್ದೀರಿ. ನಾನೂ ಹಾಗೇ ಅಂದುಕೊಂಡು ಬೇಕಾಬಿಟ್ಟಿ ಮಾಡಿದೆ. ಇಂಟರ್ನ್‌ಶಿಪ್‌ನ ಅರ್ಧಕ್ಕಿಂತ ಜಾಸ್ತಿ ಅದಕ್ಕೇ ಹಾಳಾಯಿತು.

ನನ್ನ ಪ್ರಾಜೆಕ್ಟ್ ಸುಲಭದ್ದು. ಮಣ್ಣಿನಿಂದ ಬ್ಯಾಕ್ಟೀರಿಯಾ ಬೇರ್ಪಡಿಸಬೇಕು. ಅದರಲ್ಲಿ ಅಮೈಲೇಸ್ ಎಂಬ ಕಿಣ್ವ ತಯಾರಿಸುವವನ್ನು ಹುಡುಕಬೇಕು. ಅಮೈಲೇಸ್ ಪಿಷ್ಟವನ್ನು ಒಡೆಯುತ್ತದೆ. ಅದಕ್ಕೆ ಅಗರ್ (ಮೀಡಿಯಾವನ್ನು ಜೆಲ್ಲಿಯಂತೆ ಗಟ್ಟಿ ಮಾಡುವ ಪದಾರ್ಥ) ಜೊತೆ ಪಿಷ್ಟ ಸೇರಿಸಿ, ಮುಚ್ಚಳವಿರುವ ಚಪ್ಪಟೆ ತಟ್ಟೆಗೆ ಸುರಿದು ಪ್ಲೇಟ್ ಮಾಡುತ್ತಾರೆ. ಬ್ಯಾಕ್ಟೀರಿಯಾ ಬೆಳೆದ ಮೇಲೆ ಅಯೋಡಿನ್ ಸುರಿದರೆ ಪಿಷ್ಟ ಇರುವ ಜಾಗವೆಲ್ಲ ಕಡುನೀಲಿ ಆಗುತ್ತದೆ. ಪಿಷ್ಟ ತಿಂದ ಕಾಲೊನಿಯ (ಒಂದೆಡೆ ಬೆಳೆದ ಬ್ಯಾಕ್ಟೀರಿಯಾ ಗುಂಪಿನ) ಸುತ್ತ ಮಾತ್ರ ತಿಳಿಯಾದ ಉಂಗುರ ಕಾಣುತ್ತದೆ.

ಮಣ್ಣನ್ನು ನೇರವಾಗಿ ಹಾಕಿದರೆ ಎಣಿಸಲಾಗದಷ್ಟು ಬೆಳೆಯುತ್ತದೆ, ಹಾಗಾಗಿ ಸೀರಿಯಲ್ ಡೈಲ್ಯೂಶನ್. 1 ಎಂಎಲ್ ತೆಗೆದು 9 ಎಂಎಲ್ ಸ್ಟೆರೈಲ್ (ಯಾವ ಜೀವಾಣುವೂ ಇಲ್ಲದ) ನೀರಿಗೆ ಹಾಕುವುದು, ಕಲಕುವುದು, ಪಿಪೆಟ್ಟಿನ ಟಿಪ್ ಬದಲಿಸುವುದು, ಅದರಿಂದ ಮತ್ತೆ 1 ಎಂಎಲ್. ಪ್ರತಿ ಹಂತದಲ್ಲೂ ಹತ್ತು ಪಟ್ಟು ತೆಳು. ಕೊನೆಗೆ 0.1 ಎಂಎಲ್ ತೆಗೆದು ಅಗರ್ ಮೇಲೆ ಹರಡುವುದು. 30ರಿಂದ 300 ಕಾಲೊನಿ ಬಂದ ಪ್ಲೇಟನ್ನು ಎಣಿಕೆಗೆ ತೆಗೆದುಕೊಳ್ಳುವುದು. ಇದೆಲ್ಲ ಬೇಗ ಕೈಗೆ ಹತ್ತಿತು. ಕೈ ಚುರುಕು ಅಂತ ಹೊಗಳಿದರು ಕೂಡ. ಆ ಹೊಗಳಿಕೆ ನನಗೆ ಒಳ್ಳೆಯದು ಮಾಡಲಿಲ್ಲ.

ಏಕೆಂದರೆ ಸೀನಿಯರ್ ಒಬ್ಬರು ಮೊದಲೇ ಒಂದು ಮಾತು ಹೇಳಿದ್ದರು. ಪ್ರತಿ ಬ್ಯಾಚಿನಲ್ಲೂ ಒಂದು ಪ್ಲೇಟಿಗೆ ಏನೂ ಹಾಕದೆ ಹಾಗೇ, ಬೆಚ್ಚಗಿಡುವ ಪೆಟ್ಟಿಗೆಯಾದ ಇನ್ಕ್ಯುಬೇಟರ್‌ನಲ್ಲಿ ಇಡು, ಅದು ಕಂಟ್ರೋಲ್. ನಾನು ಇಡಲಿಲ್ಲ. ಪ್ಲೇಟುಗಳು ಯಾವಾಗಲೂ ಕಮ್ಮಿ ಬೀಳುತ್ತಿದ್ದವು. ಏನೂ ಬೆಳೆಯದ ಪ್ಲೇಟನ್ನು ನೋಡಿ ಏನು ಮಾಡಲಿ, ಆ ಜಾಗದಲ್ಲಿ ಇನ್ನೊಂದು ಸ್ಯಾಂಪಲ್ ಹಾಕಬಹುದಲ್ವಾ ಅನ್ನಿಸಿತು.

ಫಲಿತಾಂಶ ಭರ್ಜರಿಯಾಗಿ ಬಂತು. ಬಿಳಿಚಿದ, ಒಣಗಿದಂತಿರುವ, ಅಂಚು ಸುಕ್ಕಾದ ಕಾಲೊನಿಗಳು. ಅಯೋಡಿನ್ ಹಾಕಿದರೆ ಸುತ್ತಲೂ ಅಗಲವಾದ ಉಂಗುರ. ಯಾವ ಜಾಗದ ಮಣ್ಣು ತಂದರೂ ಅದೇ ಕಾಲೊನಿ, ಅದೇ ಉಂಗುರ. ಗ್ರಾಂ ಸ್ಟೇನ್ ಮಾಡಿದೆ, ಅಂದರೆ ಬಣ್ಣ ಹಚ್ಚಿ ಬ್ಯಾಕ್ಟೀರಿಯಾವನ್ನು ಎರಡು ಗುಂಪಾಗಿ ವಿಂಗಡಿಸುವ ಪರೀಕ್ಷೆ: ನೇರಳೆ ಉಳಿದರೆ ಪಾಸಿಟಿವ್, ಗುಲಾಬಿಯಾದರೆ ನೆಗೆಟಿವ್. ನೇರಳೆ ಬಣ್ಣದ ಕಡ್ಡಿಗಳು, ಕೆಲವುದರ ಒಳಗೆ ಬಣ್ಣ ಹಿಡಿಯದ ಅಂಡಾಕಾರದ ಚುಕ್ಕೆ. ಅಂದರೆ ಸ್ಪೋರ್, ಬಿಸಿಯನ್ನೂ ಬರವನ್ನೂ ತಡೆದು ಮಲಗಿರುವ ಬ್ಯಾಕ್ಟೀರಿಯಾದ ರೂಪ. ಅಂದರೆ ಬಹುಶಃ ಬ್ಯಾಸಿಲಸ್. ಬ್ಯಾಸಿಲಸ್ ಜಾತಿಯವು ಅಮೈಲೇಸ್ ಮಾಡುವುದರಲ್ಲಿ ಹೆಸರಾದವು ಅಂತ ಎಲ್ಲ ಪಠ್ಯದಲ್ಲೂ ಇದೆ. ಪುಸ್ತಕದಲ್ಲಿ ಇರುವುದೇ ನನ್ನ ಕೈಯಲ್ಲಿ ಬಂತಲ್ಲ ಅಂತ ಹಿಗ್ಗಿದೆ. ಬೇರೆ ಏನಾದರೂ ಬಂದಿದ್ದರೆ ಅನುಮಾನ ಪಡುತ್ತಿದ್ದೆನೋ ಏನೋ.

ಅನುಮಾನಕ್ಕೆ ಕಾರಣಗಳು ಕಣ್ಣ ಮುಂದೆಯೇ ಇದ್ದವು. ಲಕ್ಷ ಪಟ್ಟು, ಹತ್ತು ಲಕ್ಷ ಪಟ್ಟು, ಕೋಟಿ ಪಟ್ಟು ತೆಳು ಮಾಡಿದ ಮೂರೂ ಪ್ಲೇಟುಗಳಲ್ಲಿ ಕಾಲೊನಿಗಳು ಹೆಚ್ಚುಕಮ್ಮಿ ಒಂದೇ ಸಮ. ಸ್ವಲ್ಪ ಯೋಚಿಸಿ. ಒಂದರಿಂದ ಇನ್ನೊಂದಕ್ಕೆ ಹತ್ತನೇ ಒಂದು ಭಾಗಕ್ಕೆ ಇಳಿಯಬೇಕಿತ್ತು. ತೆಳು ಮಾಡಿದರೂ ಕಮ್ಮಿಯಾಗದೇ ಇದ್ದರೆ ಅದು ಟ್ಯೂಬಿನಿಂದ ಬಂದಿಲ್ಲ ಅಂತಲೇ ಅರ್ಥ. ನಾನು "ಸರಿಯಾಗಿ ಕಲಕಿಲ್ಲ" ಅಂತ ನೋಟ್‌ಬುಕ್ಕಿನಲ್ಲಿ ಬರೆದು ಮುಂದೆ ಹೋದೆ.

ಇನ್ನೊಂದು ಇದಕ್ಕಿಂತ ನಾಚಿಕೆಯದು. ಕೆಲವು ಕಾಲೊನಿಗಳು ಅಗರ್ ಮೇಲೆ ಇರಲಿಲ್ಲ, ಅಗರ್ ಒಳಗೆ ಇದ್ದವು. ಸಣ್ಣ ಮಸೂರದ ಆಕಾರದಲ್ಲಿ ಹುದುಗಿಕೊಂಡಿದ್ದವು. ನಾನು ಹರಡಿದ್ದು ಗಟ್ಟಿಯಾದ ಅಗರ್‌ನ ಮೇಲ್ಮೈ ಮೇಲೆ. ಮೇಲೆ ಹರಡಿದ ಬ್ಯಾಕ್ಟೀರಿಯಾ ಪ್ಲೇಟಿನ ಅರ್ಧ ಆಳಕ್ಕೆ ಇಳಿದು ಅಲ್ಲಿ ಸಂಸಾರ ಹೂಡುವುದಿಲ್ಲ. ಒಳಗೆ ಇದೆ ಅಂದರೆ ಅಗರ್ ಗಟ್ಟಿಯಾಗುವ ಮೊದಲೇ ಅದರಲ್ಲಿ ಇತ್ತು. ಇದನ್ನು ನೋಡಿ ನಾನು ಮಾಡಿದ್ದೇನು ಗೊತ್ತಾ? ಚೆನ್ನಾಗಿ ಚಿತ್ರ ಬರೆದು, ಬಾಣದ ಗುರುತು ಹಾಕಿ, "ಆಳದಲ್ಲಿ ಬೆಳೆಯುವ ಗುಣ" ಅಂತ ವಿವರಣೆ ಕೊಟ್ಟೆ.

ಕೆಲಸ ತೋರಿಸುವ ದಿನ ಗೈಡ್ ಎರಡು ಪ್ಲೇಟ್ ನೋಡಿ, "ಕಂಟ್ರೋಲ್ ಎಲ್ಲಿ?" ಅಂದರು. ಇಟ್ಟಿಲ್ಲ ಅಂದೆ. ಫ್ರಿಜ್‌ನಲ್ಲಿ ಅದೇ ಬ್ಯಾಚಿನ, ಬಳಸದ ಪ್ಲೇಟುಗಳು ಉಳಿದಿದ್ದವು. ಅವನ್ನು 37 ಡಿಗ್ರಿಯಲ್ಲಿ ರಾತ್ರಿಯಿಡೀ ಇಡಿಸಿದರು. ಬೆಳಿಗ್ಗೆ ಯಾರೂ ಮಣ್ಣು ಹಾಕದ ಪ್ಲೇಟಿನಲ್ಲಿ ಅದೇ ಸುಕ್ಕು ಕಾಲೊನಿ, ಅಯೋಡಿನ್ ಹಾಕಿದಾಗ ಅದೇ ಉಂಗುರ. ನಾನು ಮಣ್ಣಿನ ಬ್ಯಾಕ್ಟೀರಿಯಾ ಅಂತ ಹೆಸರಿಟ್ಟು, ನಂಬರ್ ಕೊಟ್ಟು ಸಾಕುತ್ತಿದ್ದದ್ದೆಲ್ಲ ನನ್ನ ಮೀಡಿಯಾದೊಳಗೇ ಬದುಕುಳಿದ ಸ್ಪೋರ್‌ಗಳ ಮಕ್ಕಳು.

ಹೇಗೆ ಬದುಕುಳಿದವು ಅನ್ನುವುದನ್ನೂ ಹೇಳಿಬಿಡುತ್ತೇನೆ, ನಿಮಗೆ ನಾಳೆಯೇ ಬೇಕಾಗುತ್ತದೆ. ಆಟೋಕ್ಲೇವ್ ಅಂದರೆ ಕುಕ್ಕರ್‌ನ ದೊಡ್ಡಣ್ಣ. 15 ಪಿಎಸ್ಐ ಒತ್ತಡ, 121 ಡಿಗ್ರಿ ಸೆಲ್ಸಿಯಸ್, 15 ನಿಮಿಷ ಅಂತ ಎಲ್ಲರೂ ಬಾಯಿಪಾಠ ಮಾಡುತ್ತಾರೆ. ಆದರೆ ಸಾಯಿಸುವುದು ಒತ್ತಡ ಅಲ್ಲ, ಹಬೆಯ ಬಿಸಿ. ವಾಲ್ವ್ ಮುಚ್ಚುವ ಮೊದಲು ಒಳಗಿನ ಗಾಳಿಯೆಲ್ಲ ಹೊರಗೆ ಹೋಗಿ, ಹಬೆ ಒಂದೇ ಸಮನೆ ಬರುವ ತನಕ ಕಾಯಬೇಕು. ಗಾಳಿ ಉಳಿದರೆ ಮುಳ್ಳು 15 ತೋರಿಸುತ್ತದೆ, ಒಳಗೆ 121 ಇರುವುದಿಲ್ಲ. ನಾನು ಮೊದಲ ಬುಸ್ ಅಂದ ತಕ್ಷಣ ಮುಚ್ಚುತ್ತಿದ್ದೆ. ಸಣ್ಣ ಫ್ಲಾಸ್ಕ್ ತೊಳೆಯಲು ಸೋಮಾರಿತನ, ಒಂದೇ ದೊಡ್ಡ ಫ್ಲಾಸ್ಕಿನಲ್ಲಿ ಒಂದು ಲೀಟರ್ ಮಾಡುತ್ತಿದ್ದೆ. ಚೇಂಬರ್ 121 ಮುಟ್ಟಿದಾಗ ಅಷ್ಟು ದ್ರವದ ನಡುಭಾಗ ಇನ್ನೂ ಅಲ್ಲಿಗೆ ಬಂದಿರುವುದಿಲ್ಲ. ಜಾಸ್ತಿ ಹೊತ್ತು ಕೊಡಬೇಕು, ನಾನು ಅದೇ 15 ನಿಮಿಷ ಕೊಟ್ಟೆ. ಪಿಷ್ಟವನ್ನು ಮೊದಲು ತಣ್ಣೀರಲ್ಲಿ ಕದಡಿ, ಆಮೇಲೆ ಕುದಿಸಿ ಕರಗಿಸಬೇಕು. ನಾನು ನೇರ ಸುರಿದು ಗಂಟು ಗಂಟಾಗಿಯೇ ಒಳಗಿಟ್ಟೆ. ಒಣ ಗಂಟಿನ ಒಳಗೆ ಹಬೆ ಹೋಗುವುದಿಲ್ಲ. ಪಿಷ್ಟದ ಪುಡಿಯಲ್ಲಿ ಸ್ಪೋರ್ ಇರುವುದು ಹೊಸ ವಿಷಯವೇನಲ್ಲ, ಬ್ಯಾಸಿಲಸ್ ಸ್ಪೋರ್ ಕುದಿಯುವ ನೀರಿಗೂ ಜಗ್ಗುವುದಿಲ್ಲ.

ಫ್ಲಾಸ್ಕಿಗೆ ಅಂಟಿಸುವ ಆಟೋಕ್ಲೇವ್ ಟೇಪಿನಲ್ಲಿ ಗೆರೆ ಕಪ್ಪಾಗಿತ್ತಲ್ಲ ಅಂತ ನಾನು ವಾದ ಮಾಡಿದೆ. ಆ ಗೆರೆ ಹೇಳುವುದು ಫ್ಲಾಸ್ಕಿನ ಹೊರಮೈಗೆ ಬಿಸಿ ತಾಗಿದೆ ಅಂತ, ಅಷ್ಟೇ. ಯಂತ್ರ ನಿಜವಾಗಿ ಸಾಯಿಸುತ್ತಿದೆಯಾ ಅಂತ ನೋಡಲು ಬಿಸಿಗೆ ಸುಲಭಕ್ಕೆ ಸಾಯದ ಜಿಯೋಬ್ಯಾಸಿಲಸ್ ಸ್ಟೀರೋಥರ್ಮೋಫಿಲಸ್ ಎಂಬ ಬ್ಯಾಕ್ಟೀರಿಯಾದ ಸ್ಪೋರ್ ಇರುವ ವಯಲ್ (ಸಣ್ಣ ಸೀಸೆ) ಒಳಗಿಟ್ಟು, ಆಮೇಲೆ ಅದನ್ನು ಬೆಳೆಸಿ ನೋಡುತ್ತಾರೆ.

ಲ್ಯಾಬಿನಲ್ಲಿ ಎಲ್ಲರೂ ನನ್ನ ತಪ್ಪು ಆಟೋಕ್ಲೇವ್ ಹತ್ತಿರ ಆಯಿತು ಅಂದರು. ನಾನು ಇವತ್ತಿಗೂ ಒಪ್ಪುವುದಿಲ್ಲ. ಆಟೋಕ್ಲೇವ್ ಕೈಕೊಡುತ್ತದೆ, ಎಲ್ಲರಿಗೂ ಒಂದಲ್ಲ ಒಂದು ದಿನ. ಕಂಟ್ರೋಲ್ ಇಟ್ಟಿದ್ದರೆ ಮರುದಿನ ಬೆಳಿಗ್ಗೆಯೇ ಗೊತ್ತಾಗುತ್ತಿತ್ತು, ಒಂದು ಬ್ಯಾಚ್ ಚೆಲ್ಲಿ ಹೊಸದು ಮಾಡುತ್ತಿದ್ದೆ, ಒಂದು ದಿನದ ನಷ್ಟ. ಒಂದು ಪ್ಲೇಟ್ ಉಳಿಸಲು ಹೋಗಿ ಪ್ರಾಜೆಕ್ಟನ್ನೇ ಕಳೆದುಕೊಂಡೆ. ಸರ್ಟಿಫಿಕೇಟ್ ಸಿಕ್ಕಿತು. ಶಿಫಾರಸು ಪತ್ರ ಕೇಳುವ ಧೈರ್ಯ ಬರಲಿಲ್ಲ.

ಈಗ ನಿಮ್ಮ ಪಿಸಿಆರ್ ವಿಷಯ. ಪಿಸಿಆರ್ ಯಂತ್ರಕ್ಕೆ ಟ್ಯೂಬ್ ಇಟ್ಟು ಪ್ರೋಗ್ರಾಂ ಒತ್ತುವುದನ್ನು ಯಾರು ಬೇಕಾದರೂ ಬೇಗ ಕಲಿಯುತ್ತಾರೆ. ಆದರೆ ಪ್ರತಿ ರನ್‌ನಲ್ಲೂ ಡಿಎನ್ಎ ಹಾಕದ ಒಂದು ಟ್ಯೂಬ್ ಇರುತ್ತದೆ. ಅದರಲ್ಲಿ ಬ್ಯಾಂಡ್ (ಡಿಎನ್ಎ ಇದೆ ಅಂತ ತೋರಿಸುವ ಪಟ್ಟಿ) ಬಂದರೆ ಆ ರನ್ ನಂಬುವಂತಿಲ್ಲ. ಗುರುತು ಸಿಕ್ಕಿತಾ? ನಾನು ಇಡದ ಪ್ಲೇಟೇ ಅದು. ಗ್ರಾಂ ಸ್ಟೇನ್‌ನಲ್ಲೂ ಹಾಗೇ. ಆಲ್ಕೋಹಾಲ್ ಕೆಲವೇ ಸೆಕೆಂಡ್ ಜಾಸ್ತಿ ನಿಂತರೆ ಗ್ರಾಂ ಪಾಸಿಟಿವ್ ಕೂಡ ಬಣ್ಣ ಬಿಟ್ಟು ಗುಲಾಬಿಯಾಗಿ ಕಾಣುತ್ತದೆ, ಹಳೆಯ ಕಲ್ಚರ್ ಆದರಂತೂ ಕೇಳಲೇ ಬೇಡಿ. ಅದಕ್ಕೆ ಗೊತ್ತಿರುವ ಸ್ಟಾಫಿಲೊಕಾಕಸ್ (ಪಾಸಿಟಿವ್), ಗೊತ್ತಿರುವ ಇ. ಕೋಲೈ (ನೆಗೆಟಿವ್) ಎರಡನ್ನೂ ಪಕ್ಕದಲ್ಲೇ ಹಚ್ಚಿ ಸ್ಟೇನ್ ಮಾಡಬೇಕು. ಲ್ಯಾಬ್ ಬದಲಿಸಿದರೆ ಯಂತ್ರ ಬದಲಾಗುತ್ತದೆ, ಈ ಅಭ್ಯಾಸ ತಾನಾಗಿ ಬರುವುದಿಲ್ಲ. ದುಡ್ಡು ಕೊಟ್ಟು ಸೇರುವ ತರಬೇತಿಗಳಲ್ಲಿ ಎಲ್ಲವೂ ಮೊದಲೇ ಸರಿಹೋಗುವಂತೆ ಜೋಡಿಸಿಟ್ಟಿರುತ್ತಾರೆ. ಏನೂ ಕೆಡದ ಕಡೆ ಏನು ಕಲಿಯುತ್ತೀರಿ ಅಂತ ನನಗಂತೂ ಅರ್ಥವಾಗಿಲ್ಲ.

ಬಿಡಲೇಬೇಕಾದ ಲ್ಯಾಬ್‌ಗಳೂ ಇವೆ. ಬಾಯಲ್ಲಿ ಪಿಪೆಟ್ ಎಳೆಯಲು ಹೇಳಿದರೆ ಅವತ್ತೇ ಹೊರಡಿ. ರೋಗಾಣುಗಳನ್ನು ಲ್ಯಾಮಿನಾರ್ ಫ್ಲೋನಲ್ಲಿ (ಸೋಸಿದ ಗಾಳಿ ಬೀಸುವ ಮೇಜಿನಲ್ಲಿ) ಬಿಚ್ಚಲು ಹೇಳಿದರೂ ಅಷ್ಟೇ. ಅದು ಕಾಪಾಡುವುದು ನಿಮ್ಮ ಪ್ಲೇಟನ್ನು, ನಿಮ್ಮನ್ನಲ್ಲ. ಗಾಳಿಯನ್ನು ನಿಮ್ಮ ಮುಖದ ಕಡೆಗೇ ತಳ್ಳುವ ಮಾದರಿಗಳೂ ಇವೆ. ಆ ಕೆಲಸಕ್ಕೆ ಕೆಲಸ ಮಾಡುವವರನ್ನೂ ಕಾಪಾಡುವ ಬಯೋಸೇಫ್ಟಿ ಕ್ಯಾಬಿನೆಟ್ ಬೇಕು. ಮೀಡಿಯಾ ಮಾಡಿಸುತ್ತಾರೆ ಅನ್ನುವುದು ಈ ಸಾಲಿಗೆ ಸೇರುವುದಿಲ್ಲ.

ಈಗಿನ ಲ್ಯಾಬಿನಲ್ಲೇ ಇದ್ದು, ಉಳಿದ ಪ್ಲೇಟುಗಳನ್ನು ಚೆಲ್ಲುವ ಮೊದಲು ಕೇಳಿ ತೆಗೆದುಕೊಂಡು ಸ್ಟ್ರೀಕಿಂಗ್ (ಅಗರ್ ಮೇಲೆ ಗೆರೆ ಎಳೆದು ಬ್ಯಾಕ್ಟೀರಿಯಾವನ್ನು ಬಿಡಿಬಿಡಿಯಾಗಿ ಹರಡುವುದು) ಅಭ್ಯಾಸ ಮಾಡಿ. ಲೂಪ್ (ತುದಿಯಲ್ಲಿ ಉಂಗುರವಿರುವ ತಂತಿ) ಕೆಂಪಾಗುವ ತನಕ ಕಾಯಿಸಿ, ಅಗರ್ ಅಂಚಿಗೆ ತಾಗಿಸಿ ತಣ್ಣಗಾಗಿಸಿ, ಆಮೇಲೆ ಎಳೆಯಿರಿ. ಹೆಸರು, ದಿನಾಂಕ ಪ್ಲೇಟಿನ ತಳಕ್ಕೆ ಬರೆಯಿರಿ. ಮುಚ್ಚಳಕ್ಕೆ ಬರೆದರೆ ಮುಚ್ಚಳ ಅದಲುಬದಲಾದ ದಿನ ಕಥೆ ಮುಗಿಯಿತು. ಇನ್ನೊಂದು ಮಾತು. ಕೈಗೆ ಸ್ಪಿರಿಟ್ ಹಚ್ಚಿಕೊಂಡ ತಕ್ಷಣ ಬರ್ನರ್ ಹತ್ತಿರ ಹೋಗಬೇಡಿ, ಪೂರ್ತಿ ಆರಲಿ.

ಬರೀ ಮೀಡಿಯಾ ಮಾಡಿದವರು ವರದಿಯಲ್ಲಿ ಏನು ಬರೆಯಬೇಕು ಅಂತಲೂ ಕೇಳಿದ್ದೀರಿ. ಈ ಪ್ರಯೋಗ ಮಾಡಿ ಬರೆಯಿರಿ: ಒಂದು ಲೀಟರ್ ಮೀಡಿಯಾ ಒಂದೇ ಫ್ಲಾಸ್ಕಿನಲ್ಲಿ, ಇನ್ನೊಂದು ಲೀಟರ್ ನಾಲ್ಕು ಸಣ್ಣ ಫ್ಲಾಸ್ಕುಗಳಲ್ಲಿ, ಎರಡೂ ಒಂದೇ ಸೈಕಲ್‌ನಲ್ಲಿ. ಪ್ರತಿ ಫ್ಲಾಸ್ಕಿನಿಂದಲೂ ಏನೂ ಹಾಕದ ಪ್ಲೇಟುಗಳನ್ನು 37 ಡಿಗ್ರಿಯಲ್ಲಿ 48 ಗಂಟೆ ಇಟ್ಟು ಎಣಿಸಿ. ನನ್ನ ಪ್ರಾಜೆಕ್ಟ್ ಮುಳುಗಿದ ಮೇಲೆ ಉಳಿದ ದಿನಗಳಲ್ಲಿ ಗೈಡ್ ನನ್ನಿಂದ ಇದನ್ನೇ ಮಾಡಿಸಿದರು, ವರದಿಯಲ್ಲಿ ಹೇಳಿಕೊಳ್ಳುವಂಥದ್ದು ಅಂತ ಉಳಿದದ್ದು ಅದೊಂದೇ. ಗೈಡ್ ಒಪ್ಪಿಗೆ ಕೊಟ್ಟ ಮೇಲೆ ಆಟೋಕ್ಲೇವ್ ನೋಡಿಕೊಳ್ಳುವವರನ್ನೂ ಒಂದು ಮಾತು ಕೇಳಿ. ಅವರ ಲೋಡ್ ನಡುವೆ ಸುಮ್ನೆ ನಿಮ್ಮ ಫ್ಲಾಸ್ಕ್ ತುರುಕಿದರೆ ಬೈಸಿಕೊಳ್ಳುತ್ತೀರಿ.