ರೀಲ್ಸ್ ನೋಡಿ ಕಾಫಿ ತೋಟಕ್ಕೆ ಡ್ರೋನ್ ತರಬಹುದಾ?

ಮೂಡಿಗೆರೆ ಕಡೆ ಆರು ಎಕರೆ ಅರೇಬಿಕಾ ಕಾಫಿ ತೋಟ, ಮೊಬೈಲಲ್ಲಿ ದಿನಾ ಡ್ರೋನ್ ಸಿಂಪರಣೆಯ ರೀಲ್ಸ್ ಬರ್ತಿವೆ, ಸಾಲ ಮಾಡಿ ಒಂದು ತಂದುಬಿಡಲಾ, ತಡ ಮಾಡಿದ್ರೆ ಹಿಂದೆ ಬೀಳ್ತೀನಾ ಅಂತ ಕೇಳಿದ್ದೀರಿ. ನಾನು ಸಕಲೇಶಪುರದ ಹತ್ತಿರದ ಬೆಳೆಗಾರ. ಡ್ರೋನ್ ಮಾರೋನಲ್ಲ, ಡ್ರೋನ್ ಅಂದ್ರೆ ಉರಿದುಬೀಳೋನೂ ಅಲ್ಲ.

ಆ ರೀಲ್ಸನ್ನ ಇನ್ನೊಂದು ಸಲ ನೋಡಿ. ಡ್ರೋನ್ ಹಾರ್ತಿರೋದು ಯಾವುದರ ಮೇಲೆ? ನಾನು ನೋಡಿದ್ದರಲ್ಲೆಲ್ಲ ಭತ್ತದ ಗದ್ದೆ, ಇಲ್ಲಾಂದ್ರೆ ಮರವೇ ಇಲ್ಲದ ಹೊಲ. ನಿಮ್ಮ ಕಾಫಿ ಗಿಡದ ಮೇಲೆ ಸಿಲ್ವರ್ ಓಕು, ಅತ್ತಿ, ಹಲಸು ಇರುತ್ತೆ, ಓಕಿಗೆ ಮೆಣಸಿನ ಬಳ್ಳಿ ಬೇರೆ. ಮೇಲಿಂದ ಬಿಟ್ಟ ಔಷಧಿಯನ್ನ ಮೊದಲು ಕುಡಿಯೋದು ನೆರಳಿನ ಮರ. ಎಲೆತುಕ್ಕು ರೋಗಕ್ಕೆ ನಾವು ಬೋರ್ಡೋ, ಅಂದ್ರೆ ಮೈಲುತುತ್ತ-ಸುಣ್ಣದ ದ್ರಾವಣ, ಹೊಡೆಯೋದು ಎಲೆಯ ಅಡಿಗೆ, ಯಾಕಂದ್ರೆ ರೋಗ ಒಳಗೆ ಹೋಗೋದು ಅಲ್ಲಿಂದ. ಸ್ಪ್ರೇ ಗನ್ ಹಿಡಿದವನು ಬಗ್ಗಿ ಕೆಳಗಿಂದ ಮೇಲಕ್ಕೆ ಹೊಡೆಯೋದು ಅದಕ್ಕೇ. ಕೃಷಿ ಡ್ರೋನಿಗೆ ಸಾಮಾನ್ಯವಾಗಿ 10 ಲೀಟರಿನ ಟ್ಯಾಂಕು, ನಮ್ಮದು ಒಂದು ಬ್ಯಾರಲ್ ಅಂದ್ರೇ 200 ಲೀಟರ್. ಮೈಲುತುತ್ತ ಕರಗುತ್ತೆ ಸರಿ, ಸುಣ್ಣದ ಗಸಿ ಆ ಸಣ್ಣ ನಾಝಲ್ಲಲ್ಲಿ ಕಟ್ಟಿಕೊಳ್ಳಲ್ವಾ ಅಂತ ಮಾರೋರನ್ನೇ ಕೇಳಿ.

ಈ ‘ಹಿಂದೆ ಬೀಳ್ತೀವಿ’ ಅನ್ನೋ ಮಾತನ್ನ ನಮ್ಮನೆ ಜಗಲಿಯಲ್ಲಿ 2003ರ ಸುಮಾರಿಗೆ ಕೇಳಿದ್ದೆ. ವೆನಿಲಾ ಕಾಲ ಅದು. ವಾಟ್ಸಾಪ್ ಇರಲಿಲ್ಲ, ಸಂತೆ ಮತ್ತೆ ಮದುವೆಮನೆ ಊಟದ ಪಂಕ್ತಿ ಸಾಕಾಗ್ತಿತ್ತು. 2000ದಲ್ಲಿ ಮಡಗಾಸ್ಕರಿಗೆ ಚಂಡಮಾರುತ ಬಡಿದು ಅಲ್ಲಿನ ಬೆಳೆ ಹಾಳಾಗಿತ್ತು. ಆಮೇಲೆ ಇಲ್ಲಿ ಹಸಿ ಕೋಡಿಗೆ ಕಿಲೋಗೆ ಸಾವಿರಗಟ್ಟಲೆ ರೂಪಾಯಿ. ಅಪ್ಪ ಬಳ್ಳಿಯನ್ನ ಮೀಟರ್ ಲೆಕ್ಕದಲ್ಲಿ ಕೊಂಡು ತಂದ್ರು. ಅದಕ್ಕೆ ಪರಾಗ ಮುಟ್ಟಿಸೋ ಜೇನು ನಮ್ಮಲ್ಲಿಲ್ಲ. ಹೂ ಒಂದೇ ದಿನದ್ದು, ಮಧ್ಯಾಹ್ನದೊಳಗೆ ಒಂದೊಂದು ಹೂವಿಗೂ ಕಡ್ಡಿ ಹಿಡಿದು ಮುಟ್ಟಿಸಬೇಕು. ಅಮ್ಮ, ಅತ್ತಿಗೆ ತಿಂಡಿ ತಣ್ಣಗಾಗೋಕೆ ಬಿಟ್ಟು ಅದನ್ನ ಮಾಡ್ತಿದ್ರು, ರಾತ್ರಿ ಕಳ್ಳರ ಕಾವಲು ನಂದು. ಬಳ್ಳಿ ಫಸಲಿಗೆ ಬರೋಕೆ ಮೂರು ವರ್ಷ. ಅಷ್ಟರಲ್ಲಿ ಮಡಗಾಸ್ಕರ್ ಚೇತರಿಸಿಕೊಂಡಿತ್ತು, ಬೆಲೆ ನೋಡಿ ಬೇರೆ ದೇಶದವರೂ ನೆಟ್ಟಿದ್ರು, ಕೊಳ್ಳೋರು ಕೃತಕ ವೆನಿಲಿನ್ ಕಡೆ ತಿರುಗಿದ್ರು. ನಮ್ಮ ಕೋಡು ಕೇಳೋರಿಲ್ಲ. ನಮ್ಮೂರಲ್ಲಿ ವೆನಿಲಾದಿಂದ ದುಡ್ಡು ಉಳಿಸಿಕೊಂಡವರು ಬಳ್ಳಿ ಮಾರಿದವರು. ನಿಮ್ಮ ರೀಲ್ಸಿನ ಕೆಳಗೂ ಫೋನ್ ನಂಬರ್ ಯಾರದ್ದಿದೆ ನೋಡಿ.

ಹಾಗಂತ ಮೊಬೈಲ್ ಎಸೆಯೋಕೆ ಹೇಳ್ತಿಲ್ಲ. ಕಾಡಾನೆ ಎಲ್ಲಿದೆ ಅಂತ ತಿಳಿಸೋ ಗುಂಪು ನೋಡದೆ ನಾನು ಬೆಳಿಗ್ಗೆ ಆಳುಗಳನ್ನ ತೋಟಕ್ಕೆ ಇಳಿಸಲ್ಲ. ಅದೇ ಗುಂಪಿಗೆ ಒಂದು ಸಲ ಯಾರೋ ಕಳಿಸಿದ ವಿಡಿಯೋ ನೋಡಿ, ಗಾಬರಿಯಲ್ಲಿ ‘ನಮ್ಮ ಹಳ್ಳದ ಹತ್ರ’ ಅಂತ ಹಾಕಿಬಿಟ್ಟೆ. ಎರಡು ದಿನ ಸುತ್ತಮುತ್ತ ಕೊಯ್ಲು ನಿಂತಿತು. ಆಮೇಲೆ ಒಬ್ಬ ಹುಡುಗ ತೋರಿಸಿದ, ವಿಡಿಯೋದಲ್ಲಿ ಆನೆಯ ಹಿಂದೆ ಕಾಣ್ತಿದ್ದದ್ದು ಟೀ ತೋಟ, ನಮ್ಮ ಕಡೆಯ ಕಾಫಿ ಅಲ್ಲ! ಪಕ್ಕದ ತೋಟದವರು ಈಗಲೂ ನನ್ನ ಕಂಡ್ರೆ ‘ಟೀ ಆನೆ ಬಂತು’ ಅಂತಾರೆ.

ಕೊಪ್ಪದಲ್ಲಿ ನಮ್ಮ ಭಾವನಿಗೆ ಅಡಿಕೆ ತೋಟ. ನೆಲದಲ್ಲೇ ನಿಂತು ಔಷಧಿ ಹೊಡೆಯೋಕೆ, ಕೊನೆ ಕೊಯ್ಯೋಕೆ ಎತ್ತಿ ಹಿಡಿಯೋ ಉದ್ದ ಕೋಲು, ಕಾರ್ಬನ್ ಫೈಬರ್ ದೋಟಿ ಬಂದಾಗ ಒಂದು ಮಳೆಗಾಲ ಪೂರ್ತಿ ಪಕ್ಕದವರ ತೋಟದಲ್ಲಿ ನೋಡಿದ್ರು, ಕೈಯಲ್ಲಿ ಹಿಡಿದು ಕುತ್ತಿಗೆ ನೋವು ತಾವೇ ಅನುಭವಿಸಿದ್ರು. ಆ ದೋಟಿಯಲ್ಲಿ ಕರೆಂಟ್ ಹರಿಯುತ್ತೆ, ತಂತಿ ಇರೋ ಕಡೆ ಮುಟ್ಟಲೇಬಾರದು ಅನ್ನೋದು ಗೊತ್ತಾಗಿದ್ದೂ ಅಲ್ಲೇ. ಆಮೇಲೆ ತಗೊಂಡ್ರು. ಮರ ಹತ್ತೋರಿಗೆ ಕಾಯೋ ಗೋಳು ಮುಗೀತು. ಒಂದು ವರ್ಷ ತಡವಾಗಿದ್ದಕ್ಕೆ ಅವರಿಗೇನೂ ನಷ್ಟ ಆಗಲಿಲ್ಲ.

ನಿಮಗೂ ಅಷ್ಟೇ. ಸಾಲದ ಅರ್ಜಿ ಪಕ್ಕಕ್ಕಿಡಿ. ಬಾಡಿಗೆಗೆ ಡ್ರೋನ್ ಹಾರಿಸೋರು ಸಿಕ್ಕಿದ್ರೆ ಅರ್ಧ ಎಕರೆಗೆ ಬೋರ್ಡೋ ಹೊಡೆಸಿ. ಒಣಗಿದ ಮೇಲೆ ಗಿಡದ ಬುಡದಲ್ಲಿ ಕೂತು ಕೆಳಗಿನ ಕೊಂಬೆಗಳ ಇಪ್ಪತ್ತು ಎಲೆ ತಿರುಗಿಸಿ ನೋಡಿ, ಬೋರ್ಡೋದ ನೀಲಿ ಕಲೆ ಇದೆಯಾ ಅಂತ. ಇದ್ರೆ ನನಗೂ ಒಂದು ಮಾತು ತಿಳಿಸಿ, ಬಂದು ನೋಡ್ತೀನಿ.