ಎಮರ್ಜೆನ್ಸಿಯಲ್ಲಿ ಆಮೇಲೆ ಬಂದವರನ್ನು ಮೊದಲು ನೋಡುವುದು ನ್ಯಾಯವಾ?

ಗಂಟೆಗಟ್ಟಲೆ ಕೂತರೂ ನಿಮ್ಮ ಹೆಸರು ಕರೆಯಲಿಲ್ಲ, ಆಮೇಲೆ ಬಂದವರು ಸೀದಾ ಒಳಗೆ ಹೋದರು, ಇದು ಅನ್ಯಾಯ ಅಲ್ವಾ ಅಂತ ಕೇಳಿದ್ದೀರಿ. ಶೀತ, ಕೆಮ್ಮಿಗೆಲ್ಲ ಎಮರ್ಜೆನ್ಸಿಗೆ ಓಡಿ ಬರುವವರಿಂದಲೇ ಈ ರಶ್ ಅಂತಲೂ ಬರೆದಿದ್ದೀರಿ. ನಾನು ಎಮರ್ಜೆನ್ಸಿ ವಿಭಾಗದಲ್ಲಿ ನರ್ಸ್. ನಿಮ್ಮ ಎರಡನೇ ಮಾತನ್ನು ನಾನು ಒಪ್ಪುವುದಿಲ್ಲ.

ಮೊದಲನೆಯದು ಸುಲಭ. ಇಲ್ಲಿ ಸರದಿ ಬಂದ ಹೊತ್ತಿನ ಮೇಲಲ್ಲ, ಜೀವಕ್ಕಿರುವ ಅಪಾಯದ ಮೇಲೆ. ಇದಕ್ಕೆ ಟ್ರಯಾಜ್ ಅಂತಾರೆ. ಎಷ್ಟೋ ದೇಶಗಳಲ್ಲಿರುವ ಮ್ಯಾಂಚೆಸ್ಟರ್ ಪದ್ಧತಿಯಲ್ಲಿ ಐದು ಬಣ್ಣ. ಕೆಂಪು ಅಂದರೆ ತಕ್ಷಣ, ಕಿತ್ತಳೆ 10 ನಿಮಿಷದೊಳಗೆ, ಹಳದಿ 60, ಹಸಿರು 120, ನೀಲಿ 240. ಕಾಲು ಉಳುಕಿದವರಿಗೆ ಸಾಮಾನ್ಯವಾಗಿ ಹಸಿರು. ನೋವಿಲ್ಲ ಅಂತಲ್ಲ, ಕಾದರೆ ಜೀವಕ್ಕೇನೂ ಆಗಲ್ಲ ಅಂತ.

ಇನ್ನು ರಶ್ ವಿಷಯ. ಶೀತ ಅಂತ ಬಂದವರು ಬೆಡ್ ಹಿಡಿಯುವುದಿಲ್ಲ. ಕುರ್ಚಿಯಲ್ಲೇ ನೋಡಿ ಚೀಟಿ ಬರೆದು ಕಳಿಸುತ್ತೇವೆ. ನಮ್ಮಲ್ಲಿ ಜಾಗ ಹಿಡಿಯುವುದು ಅಡ್ಮಿಷನ್ ಆಗಿಯೂ ಮೇಲೆ ವಾರ್ಡಿಗೆ ಹೋಗಲಾಗದವರು. ಸೊಂಟದ ಮೂಳೆ ಮುರಿದ ಅಜ್ಜಿ ಸ್ಟ್ರೆಚರ್ ಮೇಲೆ ಕಾರಿಡಾರಿನಲ್ಲೇ ಇರುತ್ತಾರೆ. ತಲೆಯ ಮೇಲೆ ಟ್ಯೂಬ್‌ಲೈಟ್, ಪಕ್ಕದಲ್ಲಿ ಓಡಾಟ, ಬೆಡ್‌ಪ್ಯಾನ್ ಕೇಳಲೂ ಸಂಕೋಚ. ವಾರ್ಡಿಗೆ ಫೋನ್ ಮಾಡಿದರೆ "ಬೆಡ್ ಇಲ್ಲ ಸಿಸ್ಟರ್". ಅಲ್ಲಿ ಹುಷಾರಾದವರಿಗೆ ಡಿಸ್ಚಾರ್ಜ್ ಸಹಿ ಆಗಿರಲ್ಲ, ಇಲ್ಲವೇ ಮನೆಯಲ್ಲಿ ನೋಡಿಕೊಳ್ಳುವವರೇ ಇರಲ್ಲ. ಮೋರಿ ಮುಂದೆಲ್ಲೋ ಕಟ್ಟಿದೆ, ನೀರು ನಮ್ಮ ಬಾಗಿಲಲ್ಲಿ ನಿಂತಿದೆ. ಹೊರಗೆ ಆಂಬುಲೆನ್ಸಿನವರೂ ರೋಗಿಯನ್ನು ಇಳಿಸಲು ಜಾಗವಿಲ್ಲದೆ ಕಾಯುತ್ತಾರೆ. ಇಂಗ್ಲೆಂಡಿನಲ್ಲಿ ನೂರಕ್ಕೆ 95 ಜನರನ್ನು 4 ಗಂಟೆಯೊಳಗೆ ನೋಡಿ ಮನೆಗೋ ವಾರ್ಡಿಗೋ ಕಳಿಸಬೇಕು ಅಂತ ಗುರಿಯಿದೆ. 2015ರಿಂದೀಚೆಗೆ ಇಡೀ ದೇಶದ ಲೆಕ್ಕದಲ್ಲಿ ಅದು ಮುಟ್ಟೇ ಇಲ್ಲ. ಜ್ವರದವರನ್ನು ಬೈದರೆ ಇದು ಸರಿಹೋಗುತ್ತಾ?

ಅನ್ಯಾಯವೇ ಆಗಲ್ಲ ಅಂತ ಹೇಳಲಾರೆ. ಆಗುತ್ತೆ, ಆದರೆ ನೀವು ಹೇಳಿದ ಕಡೆ ಅಲ್ಲ. ಜೋರು ಮಾಡುವವರ ಕಡೆ ಎಲ್ಲರ ಗಮನ ಹೋಗುತ್ತೆ. ದೊಡ್ಡವರ ಫೋನ್ ಬಂದರಂತೂ ಕೇಳಲೇಬೇಡಿ. ಮೂಲೆಯಲ್ಲಿ ಬೆವರುತ್ತಾ ಕೂತ ಸಕ್ಕರೆ ಕಾಯಿಲೆಯವರು "ಏನಿಲ್ಲ, ಗ್ಯಾಸ್ ಇರಬೇಕು" ಅಂತಾರೆ. ಸಕ್ಕರೆ ಕಾಯಿಲೆಯವರಿಗೆ ಎದೆನೋವೇ ಇಲ್ಲದೆ ಹಾರ್ಟ್ ಅಟ್ಯಾಕ್ ಆಗಬಹುದು. ಬರೀ ಬೆವರು, ಸುಸ್ತು, ವಾಂತಿ, ಅಷ್ಟೇ. ನಮ್ಮ ಭಾಷೆ ಬಾರದವರ ಪಾಡೂ ಇದೇ. ನನಗೆ ಭಯ ಇವರದ್ದೇ.

ಹಾಗಾಗಿ ಕಾಯುವಾಗ ಸುಮ್ನೆ ಕೂರಬೇಡಿ. ಒಮ್ಮೆ ಕೊಟ್ಟ ಬಣ್ಣ ಬದಲಾಗಬಹುದು. ಉಸಿರು ಹೆಚ್ಚಾಯಿತು, ಕೈ ಸೋಲುತ್ತಿದೆ, ತಲೆ ಸುತ್ತುತ್ತಿದೆ ಅಂದರೆ ಎದ್ದು ಬಂದು ಹೇಳಿ. ಏಳಲಾಗದಿದ್ದರೆ ಪಕ್ಕದವರಿಂದ ಹೇಳಿಸಿ. "ಎಷ್ಟು ಹೊತ್ತು ಕಾಯಿಸ್ತೀರಾ" ಅನ್ನುವುದಕ್ಕಿಂತ "ಬಂದಾಗ ಹೀಗಿರಲಿಲ್ಲ, ಈಗ ಹೀಗಾಗುತ್ತಿದೆ" ಅಂದರೆ ನಮಗೆ ಬೇಗ ಗೊತ್ತಾಗುತ್ತೆ.